ಬಣ್ಣ ಹಚ್ಚಿದ್ದು ನಾವಲ್ಲ

ನ್ಯೂಯಾರ್ಕ್ ಬೆಳೆದ ಬಗೆ ಕುರಿತ ನಮ್ಮ ಕಳೆದ ಸಂಚಿಕೆಯ ಲೇಖನ ಓದಿ ಹುಬ್ಬಳ್ಳಿಯ ಓದುಗರೊಬ್ಬರು ಬರೆದಿದ್ದಾರೆ: ‘ರೊಕ್ಕ ಇದ್ದ ಕಡೆ ಊರು ಬೆಳೀತದ. ಅದಕ್ಕ ಕಪ್ಪು-ಬಿಳಿ ಅಂತ ಬಣ್ಣ ಯಾಕ ಹಚ್ತೀರಿ? ಆ ಜಗಳ ನಮಗ್ಯಾಕ?’

ಸಂಪಾದಕರ ಉತ್ತರ:

ಬಣ್ಣ ಹಚ್ಚಿದ್ದು ನಾವಲ್ಲ ಸರ್, ಅಮೆರಿಕದ ಸರ್ಕಾರವೇ. ಮನೆಸಾಲ ಕಟ್ಟಲಾಗದವರನ್ನು ಉಳಿಸಲು 1933ರಲ್ಲಿ ಅಲ್ಲಿ ಒಂದು ಸರ್ಕಾರಿ ನಿಗಮ ಹುಟ್ಟಿತು. ಅದು 200ಕ್ಕೂ ಹೆಚ್ಚು ಊರುಗಳ ನಕ್ಷೆ ಹರಡಿಕೊಂಡು ಓಣಿ ಓಣಿಗೆ ಬಣ್ಣ ಬಳಿಯಿತು. ಹಸಿರು, ನೀಲಿ, ಹಳದಿ, ಕೆಂಪು. ಕೆಂಪು ಅಂದರೆ ಕೊಟ್ಟ ಸಾಲ ಮುಳುಗಿದಂತೆ. ಕಪ್ಪು ಜನರಿದ್ದ ಓಣಿಗೆ ಹೆಚ್ಚುಕಡಿಮೆ ಕೆಂಪೇ ಗಟ್ಟಿ. ಮರುವರ್ಷ ಬಂದ ಇನ್ನೊಂದು ಇಲಾಖೆ ಮನೆಸಾಲಕ್ಕೆ ಜಾಮೀನು ನಿಲ್ಲುತ್ತಿತ್ತು. ಅದೂ ಇಂಥ ಓಣಿಗಳನ್ನು ದೂರವೇ ಇಟ್ಟಿತು. ಸಾಲ ಸಿಗದಿದ್ದರೆ ಮಾಳಿಗೆ ಸೋರಿದರೂ ರಿಪೇರಿ ಇಲ್ಲ. ಆಮೇಲೆ ಬಂದು ನೋಡಿದವರು ‘ಕೊಳೆಗೇರಿ, ಒಡೆಯಿರಿ’ ಅಂದರು. ರೊಕ್ಕ ಸುಮ್ನೆ ದಾರಿ ಹುಡುಕಿಕೊಂಡು ಹೋಗಲಿಲ್ಲ, ಅಲ್ವಾ?

ಒಂದು ಮಾತು ಒಪ್ಪುತ್ತೇನೆ. ಎಲ್ಲವೂ ಬಣ್ಣದಿಂದಲೇ ಆದದ್ದಲ್ಲ. ನ್ಯೂಯಾರ್ಕಿನ ರಸ್ತೆ, ಪಾರ್ಕುಗಳನ್ನು ಕಟ್ಟಿಸುತ್ತಿದ್ದ ಅಧಿಕಾರಿ, ಜೀವಮಾನದಲ್ಲಿ ಒಂದೂ ಚುನಾವಣೆ ಗೆಲ್ಲದ ರಾಬರ್ಟ್ ಮೋಸಸ್, 1948ರಲ್ಲಿ ಆ ಊರಿನ ಬ್ರಾಂಕ್ಸ್ ಭಾಗದಲ್ಲಿ ಶುರುವಾದ ಕ್ರಾಸ್ ಬ್ರಾಂಕ್ಸ್ ಹೆದ್ದಾರಿಗಾಗಿ ಸಾವಿರಾರು ಸಂಸಾರಗಳನ್ನು ಎಬ್ಬಿಸಿದರು. ಅವರಲ್ಲಿ ದುಡಿದು ತಿನ್ನುವ ಬಿಳಿ ಯಹೂದಿಗಳೂ ಬಹಳ ಇದ್ದರು. ರಸ್ತೆಯನ್ನು ತುಸು ಪಾರ್ಕಿನ ಕಡೆ ಸರಿಸಿ ಅಂತ ಕೇಳಿಕೊಂಡರೂ ನಡೆಯಲಿಲ್ಲ. ಅದು ಬರೀ ಕುರ್ಚಿಯ ದರ್ಪ.

ಇನ್ನು, ‘ನಮಗ್ಯಾಕ?’ ಹುಬ್ಬಳ್ಳಿ ಸ್ಟೇಷನ್ ಹೊರಗೆ ಆಟೋದವರಿಗೆ ‘ಸೆಟ್ಲಮೆಂಟ್’ ಅನ್ನಿ, ದಾರಿ ಕೇಳದೆ ಹೊರಡುತ್ತಾರೆ. ಗದಗದಲ್ಲೂ ಆ ಹೆಸರಿನ ಜಾಗ ಇದೆ. ಬ್ರಿಟಿಷರು 1871ರಲ್ಲಿ ಕಾಯ್ದೆ ಮಾಡಿ, ಕೆಲವು ಜಾತಿಗಳು ಹುಟ್ಟಾ ಕಳ್ಳರು ಎಂದು ಬರೆದುಕೊಂಡರು. ಅಂಥವರನ್ನು ಕೂಡಿಹಾಕಿ ಹಾಜರಿ ತೆಗೆಯುತ್ತಿದ್ದ ಜಾಗ ಅದು. ಕಾಯ್ದೆ 1952ರಲ್ಲಿ ಹೋಯಿತು. ಹೆಸರು ಮಾತ್ರ ಇವತ್ತಿಗೂ ಆಟೋದವರ ಬಾಯಲ್ಲಿದೆ.

ನನ್ನದೇ ಒಂದು ಕಥೆ ಹೇಳಿಬಿಡುತ್ತೇನೆ. ಮದುವೆಯಾದ ಹೊಸತು, ಧಾರವಾಡದಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆ. ಒಬ್ಬ ಮಾಲೀಕರು ನಳ ತೋರಿಸಿದರು, ಮೀಟರ್ ತೋರಿಸಿದರು. ನೀರು ಎಂಟು ದಿನಕ್ಕೊಮ್ಮೆ ಅಂತ ಮೊದಲೇ ಹೇಳಿದರು, ಪ್ರಾಮಾಣಿಕರು. ಚಹಾ ಬಂತು. ಬಸಿಯಲ್ಲಿ ಸುರುವಿಕೊಳ್ಳುತ್ತಾ ಮೆಲ್ಲಗೆ ಕೇಳಿದರು: ‘ನೀವು ಯಾರ ಪೈಕಿರಿ?’ ಹೇಳಿದೆ. ಚಹಾ ಮುಗಿಯುವಷ್ಟರಲ್ಲಿ ಅವರ ತಮ್ಮನ ಮಗನಿಗೆ ಆ ಮನೆ ಬೇಕಾಗಿಬಿಟ್ಟಿತ್ತು. ಡಿಪಾಸಿಟ್ ರೊಕ್ಕ ಪೂರ್ತಿ ನನ್ನ ಜೇಬಿನಲ್ಲೇ ಇತ್ತು ಸರ್. ಮೂರು ತಿಂಗಳ ಮೇಲೆ ಅದೇ ದಾರಿಯಲ್ಲಿ ಹೋದಾಗ ‘ಮನೆ ಬಾಡಿಗೆಗೆ ಇದೆ’ ಬೋರ್ಡು ಇನ್ನೂ ಗೇಟಿಗೆ ನೇತಾಡುತ್ತಿತ್ತು.