ಆಲಮಟ್ಟಿಯ ಗಾಳ ಕಡಲಿನ ಕಲ್ಲಿನ ಮೇಲೆ ನಡೆಯುತ್ತದೆಯೇ?

ಬಾಗಲಕೋಟೆಯವರಾದ ತಾವು ಆಲಮಟ್ಟಿ ಹಿನ್ನೀರಿನಲ್ಲಿ ಎಂಟು ವರ್ಷ ಗಾಳ ಹಾಕಿದ್ದೀರಿ. ಈಗ ದೋಣಿಯಲ್ಲಿ ಸಮುದ್ರಕ್ಕೆ ಹೋಗಿ ಮುಳುಗುಬಂಡೆಗಳ ಮೇಲಿನ ಮೀನು ಹಿಡಿಯುವ ಆಸೆಯಿದೆ, ಮೊದಲು ಯಾವ ರಾಡು, ಯಾವ ರೀಲು ಕೊಳ್ಳಬೇಕು ಎಂದು ಕೇಳಿದ್ದೀರಿ. ನಾನು ಬೆಳಗಾವಿಯವನು, ಹಿಡಕಲ್ ಜಲಾಶಯದಲ್ಲಿ ಗಾಳ ಕಲಿತು, ಆಮೇಲೆ ಘಟ್ಟ ಇಳಿದವನು. ನನ್ನ ಅನುಭವದಿಂದ ಹೇಳುವುದಾದರೆ ಮೊದಲ ಸಲಕ್ಕೆ ಏನನ್ನೂ ಕೊಳ್ಳಬೇಡಿ. ಸಾಮಾನಿಗಿಂತ ಮೊದಲು ನಿಮಗೆ ಬೇಕಾಗಿರುವುದು ನೀರಿನಡಿಯ ಕಲ್ಲಿನ ಮೇಲೆ ದೋಣಿಯನ್ನು ಸರಿಯಾಗಿ ನಿಲ್ಲಿಸಬಲ್ಲ ತಾಂಡೇಲ, ಅಂದರೆ ದೋಣಿ ನಡೆಸುವವನು. ಅದಾದ ಮೇಲೆ, ಜಲಾಶಯದಲ್ಲಿ ಕೈಗೆ ಹತ್ತಿದ ಒಂದು ಅಭ್ಯಾಸವನ್ನು ನೀವು ಬಿಡಬೇಕಾಗುತ್ತದೆ.

ಆ ಅಭ್ಯಾಸವೆಂದರೆ ಮೀನನ್ನು ಓಡಲು ಬಿಡುವುದು. ಆಲಮಟ್ಟಿಯಲ್ಲಿ ದೊಡ್ಡ ಕಟ್ಲಾ ಕಚ್ಚಿದರೆ ನಾವು ದಾರ ಬಿಟ್ಟು, ಅದು ದಣಿಯುವವರೆಗೆ ಕಾದು, ನಿಧಾನವಾಗಿ ಎಳೆದುಕೊಳ್ಳುತ್ತೇವೆ. ಅಲ್ಲಿ ಅದು ಓಡುವುದು ಬಯಲು ನೀರಿಗೆ. ಕಡಲಿನ ಕಲ್ಲಿನಲ್ಲಿ ವಾಸಿಸುವ ಮುರು ಮೀನು, ಗೋವೆಯವರು ಗೋಬ್ರೊ ಎನ್ನುವುದು, ಕಚ್ಚಿದ ಕ್ಷಣವೇ ತನ್ನ ಪೊಟರೆಯ ಕಡೆಗೆ ತಿರುಗುತ್ತದೆ. ಅದಕ್ಕೆ ಎರಡು ಮಾರು ದಾರ ಸಿಕ್ಕರೆ ಸಾಕು, ಒಳಗೆ ಹೊಕ್ಕು ಕಿವಿರು ಅಗಲಿಸಿ ಕೂತುಬಿಡುತ್ತದೆ, ದಾರ ಕಲ್ಲಿನ ಅಂಚಿಗೆ ಉಜ್ಜಿ ಹರಿಯುತ್ತದೆ. ಮೊದಲ ದಿನ ನಾನು ಏಳು ಗಾಳಗಳನ್ನು ಹೀಗೆಯೇ ಕಳೆದುಕೊಂಡೆ, ಏಳನೆಯದು ಹರಿಯುವವರೆಗೂ ತಪ್ಪು ದಾರದ್ದೆಂದೇ ನಂಬಿದ್ದೆ. ಆದ್ದರಿಂದ ದಾರದ ತುದಿಯ ಸೀಸದ ಗುಂಡು ತಳ ಮುಟ್ಟಿದೊಡನೆ ಸಡಿಲ ದಾರವನ್ನು ಸುತ್ತಿಕೊಂಡು, ಬೆರಳ ತುದಿಯಲ್ಲಿ ತಳವನ್ನು ಗುರುತಿಸುತ್ತ ಕೂರಬೇಕು. ಭಾರ ಬಿದ್ದೊಡನೆ ರಾಡನ್ನು ಎತ್ತಿ ಝಾಡಿಸದೆ ರೀಲನ್ನು ಸುತ್ತಲಾರಂಭಿಸಿ, ಮೊದಲ ನಾಲ್ಕೈದು ಮೀಟರುಗಳನ್ನು ಬಲವಂತವಾಗಿಯೇ ಗೆಲ್ಲಬೇಕು. ಕಲ್ಲಿನಿಂದ ಮೇಲೆ ಬಂದ ಮೇಲೆ ಜಲಾಶಯದ ತಾಳ್ಮೆಯನ್ನು ಧಾರಾಳವಾಗಿ ತೋರಬಹುದು. ಆದರೂ ಅದು ಒಳಹೊಕ್ಕರೆ ಎಳೆದಾಡದೆ ದಾರವನ್ನು ಪೂರ್ತಿ ಸಡಿಲಬಿಟ್ಟು ಕೆಲವು ನಿಮಿಷ ಕಾಯಿರಿ. ಎಷ್ಟೋ ಸಲ ಅದು ತಾನಾಗಿಯೇ ಹೊರಬರುತ್ತದೆ.

ಇನ್ನು ದೋಣಿ ನಿಲ್ಲಿಸುವ ವಿಷಯ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಇಂಥ ತಾಣಗಳು ಬಹುಮಟ್ಟಿಗೆ ಹವಳದ ದಿಬ್ಬಗಳಲ್ಲ, ಮುಳುಗಿರುವ ಬಂಡೆಸಾಲುಗಳು. ಮೀನುಗಾರರ ಬಾಯಲ್ಲಿ ಅದು ಬರಿಯ ಕಲ್ಲು. ಸುತ್ತ ಕೆಸರು ಅಥವಾ ಮರಳು, ನಡುವೆ ಒಂದು ಮನೆಯಂಗಳದಷ್ಟು ಕಲ್ಲು ಇರಬಹುದು, ಅದರಿಂದ ಇಪ್ಪತ್ತು ಮೀಟರು ಸರಿದರೆ ನಿಮ್ಮ ಗಾಳಕ್ಕೆ ಶಾಡೆ ಮೀನಲ್ಲದೆ (ಕಡಲ ಕ್ಯಾಟ್‌ಫಿಶ್) ಬೇರೇನೂ ಬೀಳದಿರಬಹುದು. ಹಳೆಯ ತಾಂಡೇಲರು ದಡದ ಗುಡ್ಡದ ತುದಿಗೆ ಗುಡಿಯನ್ನೋ ದೀಪಸ್ತಂಭವನ್ನೋ ಹೊಂದಿಸಿ, ಇನ್ನೊಂದು ದಿಕ್ಕಿನಲ್ಲಿ ಮತ್ತೆರಡು ಗುರುತುಗಳನ್ನು ಹೊಂದಿಸಿ, ಆ ಎರಡು ಗೆರೆಗಳು ಕೂಡುವಲ್ಲಿ ಕಲ್ಲಿದೆ ಎಂದು ತಿಳಿಯುತ್ತಾರೆ; ಈಗ ಜಿಪಿಎಸ್ ಮತ್ತು ಆಳ ತೋರಿಸುವ ಸೋನಾರ್ ಬಂದಿವೆ. ಕಲ್ಲು ಸಿಕ್ಕಿತೆಂದು ಅದರ ಮೇಲೆಯೇ ಲಂಗರು ಬಿಡಬಾರದು. ಎಂಜಿನ್ ನಿಲ್ಲಿಸಿ, ಗಾಳಿ ಮತ್ತು ಸೆಳೆತ ಸೇರಿ ದೋಣಿಯನ್ನು ಯಾವ ಕಡೆ ಒಯ್ಯುತ್ತವೆಂದು ಎರಡು ನಿಮಿಷ ನೋಡಿ, ಅದರ ವಿರುದ್ಧ ದಿಕ್ಕಿಗೆ ಕಲ್ಲು ದಾಟಿ ಹೋಗಿ, ಅಲ್ಲಿನ ಮರಳಿನಲ್ಲಿ ಲಂಗರು ಇಳಿಸಿ, ಆಳದ ಮೂರು ಪಟ್ಟಿಗಿಂತ ಕಡಿಮೆಯಿಲ್ಲದಷ್ಟು ಹಗ್ಗ ಬಿಡುತ್ತ ಬಂದರೆ ದೋಣಿ ಕಲ್ಲಿನ ಮೇಲೆ ಬಂದು ನಿಲ್ಲುತ್ತದೆ. ದೋಣಿ ಗೊತ್ತುಮಾಡುವಾಗ ತಾಂಡೇಲನಿಗೆ ಈ ಬಗ್ಗೆ ಒಂದು ಪ್ರಶ್ನೆ ಹಾಕಿ. ಉತ್ತರ ತಡವರಿಸಿದರೆ ಅವನು ಡಾಲ್ಫಿನ್ ತೋರಿಸುವವನೇ ಹೊರತು ಮೀನು ಹಿಡಿಸುವವನಲ್ಲ.

ಮೊದಲ ಸಲ ದೋಣಿಯವರ ಕೈದಾರದಲ್ಲೇ ಹಿಡಿಯಿರಿ. ಎರಡನೆಯ ಸಲಕ್ಕೆ ಆರೂವರೆ ಅಡಿಯ ಗಟ್ಟಿ ದೋಣಿರಾಡು, 6000 ಅಳತೆಯ ಸ್ಪಿನ್ನಿಂಗ್ ರೀಲು, 20 ಕಿಲೋ ತಡೆಯುವ ಬ್ರೇಡ್, ಅಂದರೆ ಹೆಣೆದ ದಾರ, ಅದರ ತುದಿಗೆ ಒಂದು ಮಾರಿನಷ್ಟು ದಪ್ಪ ಫ್ಲೂರೋಕಾರ್ಬನ್ ದಾರ ಸಾಕು. ಬ್ರೇಡ್ ಎಷ್ಟೇ ಗಟ್ಟಿಯಾದರೂ ಕಲ್ಲಿನ ಉಜ್ಜುವಿಕೆಗೆ ನಿಲ್ಲುವುದಿಲ್ಲ. ಮೀನು ಎಳೆದಾಗ ದಾರ ಬಿಡುವ ರೀಲಿನ ಬಿಗಿಯನ್ನು ದೋಣಿಯಲ್ಲಿ ಅಂದಾಜಿನಿಂದ ಹೊಂದಿಸದೆ, ಮನೆಯಲ್ಲೇ ತೂಗುವ ಸ್ಪ್ರಿಂಗ್ ಕಾಟಾಕ್ಕೆ ದಾರ ಕಟ್ಟಿ ಎಳೆದು ಐದಾರು ಕಿಲೋಗೆ ನಿಲ್ಲಿಸಿ. ಸೀಸದ ಗುಂಡನ್ನು ಎಲ್ಲಕ್ಕಿಂತ ಕೆಳಗೆ, ಮುಖ್ಯ ದಾರಕ್ಕಿಂತ ಬಹಳ ದುರ್ಬಲವಾದ ತಂಗೂಸಿನ ತುಂಡಿನಿಂದ ಕಟ್ಟಿ, ಗಾಳವನ್ನು ಅದರಿಂದ ಒಂದು ಮೊಳ ಮೇಲೆ ಅಡ್ಡವಾಗಿ ಕಟ್ಟುವುದು ನಾನು ಕಂಡ ಅತ್ಯುತ್ತಮ ಉಳಿತಾಯ: ಸಿಕ್ಕಿಕೊಳ್ಳುವುದು ಹೆಚ್ಚಾಗಿ ಗುಂಡು, ಎಳೆದಾಗ ಹರಿಯುವುದೂ ಅದೊಂದೇ. ತುದಿ ಒಳಕ್ಕೆ ಬಾಗಿದ ಸರ್ಕಲ್ ಗಾಳ, 4/0 ಅಳತೆಯದು, ಮೀನಿನ ಬಾಯಂಚಿಗೆ ತಾನೇ ಚುಚ್ಚಿಕೊಳ್ಳುತ್ತದೆ. ಝಾಡಿಸಿದರೆ ಮಾತ್ರ ಕಳಚುತ್ತದೆ. ಆಮಿಷಕ್ಕೆ ಬೊಂಡಾಸಿನ (ಸ್ಕ್ವಿಡ್) ಪಟ್ಟಿ ಉತ್ತಮ, ಸಣ್ಣ ಮೀನುಗಳು ಕುಕ್ಕಿದರೂ ಉಳಿಯುತ್ತದೆ. ಸಿಗಡಿ ಎಲ್ಲಕ್ಕೂ ಪ್ರಿಯ, ಆದರೆ ನಿಮಿಷದಲ್ಲಿ ಮಾಯ.

ಕಾಲದ ಬಗ್ಗೆ: ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಮೀನುಗಾರರು ಇಳಿದರೂ ಹೊಸಬರು ಅಕ್ಟೋಬರ್‌ವರೆಗೆ ಕಾಯುವುದು ಒಳ್ಳೆಯದು. ಹೇಗೂ ಶ್ರಾವಣದಲ್ಲಿ ನಮ್ಮ ಕಡೆ ಅನೇಕ ಮನೆಗಳಲ್ಲಿ ಮೀನಿಗೆ ಒಲೆ ಹೊತ್ತುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರ-ಇಳಿತಗಳ ಸೆಳೆತ ಜೋರಾಗಿ ಗುಂಡು ತಳದಲ್ಲಿ ನಿಲ್ಲುವುದೇ ಇಲ್ಲ, ಅಷ್ಟಮಿಯ ಸುತ್ತಿನ ದಿನಗಳನ್ನು ಆರಿಸಿಕೊಳ್ಳಿ. ಮಧ್ಯಾಹ್ನ ನೆಲ ಕಾದಂತೆ ಕಡಲಗಾಳಿ ಏಳುವುದರಿಂದ ನಸುಕಿನಲ್ಲಿ ಹೊರಟು ಹನ್ನೆರಡರೊಳಗೆ ದಡ ಸೇರಬೇಕು. ಹಿಂದಿನ ರಾತ್ರಿ ಕಡಲ ಮಾಹಿತಿ ನೀಡುವ ಇನ್‌ಕಾಯಿಸ್ (INCOIS) ಸಂಸ್ಥೆಯ ಅಲೆ ಮುನ್ಸೂಚನೆ ನೋಡಿ, ಕರಾವಳಿ ರಕ್ಷಣಾ ಪಡೆಯ 1554 ಸಂಖ್ಯೆಯನ್ನು ಫೋನಿನಲ್ಲಿ ಉಳಿಸಿಕೊಳ್ಳಿ, ಜೀವರಕ್ಷಕ ಜಾಕೆಟ್ಟನ್ನು ಕೂರಲು ದಿಂಬಾಗಿಸದೆ ತೊಟ್ಟುಕೊಳ್ಳಿ. ವಾಂತಿ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳಿ ಹೊರಡುವ ಮುಂಚೆಯೇ ನುಂಗಬೇಕು. ಅಲೆ ಶುರುವಾದ ಮೇಲೆ ನುಂಗಿದ್ದು ಉಳಿಯುವುದಿಲ್ಲ.

ಜಾಗ ಆರಿಸುವಾಗ ಎಚ್ಚರವಿರಲಿ. ಕಾರವಾರದ ಬಳಿಯ ಅಂಜದೀವ್ ದ್ವೀಪ ನೌಕಾಪಡೆಯ ವಶದಲ್ಲಿದೆ, ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ, ಮಹಾರಾಷ್ಟ್ರದ ಮಾಲ್ವಣದಲ್ಲಿ 1987ರಿಂದ ಕಡಲ ಅಭಯಾರಣ್ಯವಿದೆ. ಇಲ್ಲೆಲ್ಲ ಗಾಳ ಹಾಕುವ ಯೋಚನೆ ಬೇಡ. ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಮುರು ಮೀನುಗಳಲ್ಲಿ ಹೆಚ್ಚಿನವು ಹೆಣ್ಣಾಗಿ ಬೆಳೆದು ದೊಡ್ಡದಾದ ಮೇಲೆ ಗಂಡಾಗುವುದರಿಂದ ದೊಡ್ಡವನ್ನೇ ಹಿಡಿಯುತ್ತ ಹೋದರೆ ಆ ಕಲ್ಲಿನಲ್ಲಿ ಗಂಡುಗಳೇ ಉಳಿಯುವುದಿಲ್ಲ, ಹಾಗಾಗಿ ನಾನು ಮನೆಗೆ ಬೇಕಾದ ಒಂದೆರಡು ಮಧ್ಯಮ ಗಾತ್ರದವನ್ನಷ್ಟೇ ಇಟ್ಟುಕೊಳ್ಳುತ್ತೇನೆ. ಆಳದಿಂದ ಬಂದ ಮೀನಿನ ಗಾಳಿಚೀಲ ಉಬ್ಬಿ ಜಠರ ಬಾಯಿಂದ ಹೊರಬಂದಿರಬಹುದು. ಮೀನನ್ನು ಮರಳಿ ಬಿಡುವುದಾದರೆ ಅದನ್ನು ಚುಚ್ಚದೆ, ಮುಳ್ಳಿಲ್ಲದ ಗಾಳವನ್ನು ಕೆಳದವಡೆಗೆ ತಲೆಕೆಳಗಾಗಿ ಸಿಕ್ಕಿಸಿ ಗುಂಡಿನ ಭಾರದಿಂದ ತಳಕ್ಕಿಳಿಸಿ ಎಳೆದರೆ ಕಳಚಿಕೊಂಡು ಈಜುತ್ತದೆ. ಉಬ್ಬಿಕೊಳ್ಳುವ ಬುಡ್ಡೆಮೀನನ್ನು ತಿನ್ನಲೇಬಾರದು. ಶಾಡೆಯ ಮುಳ್ಳು ಚುಚ್ಚಿದರೆ ಕೈಯನ್ನು ತಾಳುವಷ್ಟು ಬಿಸಿಯ ನೀರಿನಲ್ಲಿ ಅರ್ಧ ಗಂಟೆಗೂ ಹೆಚ್ಚು ಅದ್ದಿಡಿ, ನೋವು ಇಳಿಯುತ್ತದೆ. ಆಮೇಲೆ ವೈದ್ಯರಿಗೆ ತೋರಿಸಿ.

ನೀವು ಬೆಳಗಾವಿ ಮೇಲೆ ಬರುವುದಾದರೆ ಚೋರ್ಲಾ ಘಾಟಿ ಇಳಿದು ಗೋವೆಗೆ, ಆಂಬೋಲಿ ಇಳಿದು ವೆಂಗುರ್ಲೆಗೆ ಹೋಗಬಹುದು. ಚೋರ್ಲಾ ದಾರಿಯಲ್ಲಿ ಸಿಗುವ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ನಿಮ್ಮ ಕೂಡಲಸಂಗಮದ ಕಡೆಗೇ ಹರಿಯುತ್ತಾಳೆ, ನಾವು ಅವಳಿಗೆ ಬೆನ್ನು ಹಾಕಿ ಇಳಿಯುತ್ತೇವೆ. ಮರಳುವಾಗ ಮೀನಿನ ಕರುಳು, ಕಿವಿರು ತೆಗೆದು, ಪೆಟ್ಟಿಗೆಯಲ್ಲಿ ಪುಡಿ ಮಂಜುಗಡ್ಡೆಗೆ ಸ್ವಲ್ಪ ಕಡಲ ನೀರು ಬೆರೆಸಿ ಮುಳುಗಿಸಿಡಿ. ಮನೆ ಮುಟ್ಟಿದ ರಾತ್ರಿಯೇ, ಎಷ್ಟೇ ದಣಿದಿದ್ದರೂ, ರೀಲನ್ನು ಸಿಹಿನೀರಿನಿಂದ ನಿಧಾನವಾಗಿ ತೊಳೆದು ಒರಸಿಡಿ. ಬೆಳಿಗ್ಗೆ ನೋಡೋಣವೆಂದು ಬಿಟ್ಟ ನನ್ನ ಮೊದಲ ರೀಲು ಮುಂದಿನ ತಿಂಗಳು ತಿರುಗಲೇ ಇಲ್ಲ.