ರಿಪೋರ್ಟ್ ಎಲ್ಲ ನಾರ್ಮಲ್, ಎದೆ ಮಾತ್ರ ಡವಡವ

ಪ್ರಶ್ನೆ: ನನಗೆ 35 ವರ್ಷ. ಅರಸೀಕೆರೆ ಕಡೆಯವನು, ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಆರು ವರ್ಷದ ಮಗಳಿದ್ದಾಳೆ. 2025ರ ಜೂನ್‌ನಲ್ಲಿ ನಮ್ಮ ಹಾಸನ ಜಿಲ್ಲೆಯಲ್ಲಿ ಹಾರ್ಟ್ ಅಟ್ಯಾಕ್ ಸುದ್ದಿ ಮೇಲಿಂದ ಮೇಲೆ ಬರುತ್ತಿತ್ತಲ್ಲ, ಆಗ ನಮ್ಮ ಬೀದಿಯಲ್ಲೇ ನನ್ನ ವಯಸ್ಸಿನವರೊಬ್ಬರು ಹೋಗಿಬಿಟ್ಟರು. ಅಲ್ಲಿಂದ ಶುರು. ರಾತ್ರಿ ಮಲಗಿದರೆ ಎದೆ ಡವಡವ. ಒಮ್ಮೊಮ್ಮೆ ಒಂದು ಬಡಿತ ತಪ್ಪಿದಂತಾಗಿ ಆಮೇಲೆ ಧಡ್ ಅಂತ ಹೊಡೆಯುತ್ತದೆ. ಬೆವರುತ್ತೇನೆ, ಕೈ ಜುಮ್ಮೆನ್ನುತ್ತದೆ. ಮೂರು ಕಡೆ ಇಸಿಜಿ, ಆಮೇಲೆ ಎಕೋ, ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡುವ ಟಿಎಂಟಿ ಎಲ್ಲ ಆಯಿತು. ಎಲ್ಲ ನಾರ್ಮಲ್. ‘ಗ್ಯಾಸ್ ಅಷ್ಟೇ’ ಅಂತ ಮಾತ್ರೆ ಕೊಟ್ಟರು. ಸ್ಮಾರ್ಟ್ ವಾಚ್ ತಗೊಂಡೆ, ದಿನವಿಡೀ ಅದನ್ನೇ ನೋಡುತ್ತೇನೆ. ವಾಕಿಂಗ್ ಬಿಟ್ಟೆ, ಮಗಳನ್ನು ಎತ್ತಿಕೊಳ್ಳುವುದೂ ಬಿಟ್ಟೆ. ಬೆಂಗಳೂರಿಗೆ ಹೋಗಿ ಹೃದಯದ ರಕ್ತನಾಳ ನೋಡುವ ಸ್ಕ್ಯಾನ್, ಸಿಟಿ ಆಂಜಿಯೋಗ್ರಾಂ, ಮಾಡಿಸಿಬಿಟ್ಟರೆ ನೆಮ್ಮದಿ ಸಿಗಬಹುದು ಅನ್ನಿಸುತ್ತದೆ. ಇನ್ನೊಂದು ಟೆಸ್ಟ್ ಅಂದರೆ ತವರಿಗೆ ಹೋಗುತ್ತೇನೆ ಅನ್ನುತ್ತಾಳೆ ಹೆಂಡತಿ. ದಸರಾ ರಜೆಯಲ್ಲಿ ಶ್ರವಣಬೆಳಗೊಳದ ಬೆಟ್ಟ ಹತ್ತೋಣ ಅಂತ ಮಗಳ ಹಟ ಬೇರೆ. (ದಿನಕ್ಕೆ ಐದಾರು ಕಾಫಿ, ಯಾವಾಗಲಾದರೂ ಸಿಗರೇಟು. ಬಿಪಿ, ಸಕ್ಕರೆ ಇಲ್ಲ.) ಏನು ಮಾಡಲಿ?

ಉತ್ತರ: ಬೆಂಗಳೂರಿನ ವಿಷಯಕ್ಕೆ ಮೊದಲು ಬರುತ್ತೇನೆ. ನೀವಾಗಿಯೇ ಹೋಗಿ ಆ ಸ್ಕ್ಯಾನ್ ಮಾಡಿಸಬೇಡಿ. ಹೃದಯದ ಡಾಕ್ಟರು ನಿಮ್ಮನ್ನು ನೋಡಿ ‘ಬೇಕು’ ಅಂದರೆ ಆ ಮಾತು ಬೇರೆ. ನಾನು ಆಪ್ತ ಸಮಾಲೋಚಕಿ, ಹೃದಯದ ವೈದ್ಯೆ ಅಲ್ಲ. ಆದರೆ ಪತ್ರದಲ್ಲಿ ನೀವೇ ಬರೆದಿರುವುದನ್ನು ನೋಡಿ. ಮೊದಲ ಇಸಿಜಿ ನೆಮ್ಮದಿ ಕೊಟ್ಟಿದ್ದರೆ ಎರಡನೆಯದು ಯಾಕೆ ಬೇಕಿತ್ತು? ಎಕೋ ಸಾಕಾಗಿದ್ದರೆ ಟಿಎಂಟಿಗೆ ಯಾಕೆ ಹೋದಿರಿ? ಸ್ಕ್ಯಾನ್ ಮಾಡಿಸಿದರೂ ಸ್ವಲ್ಪ ದಿನ ಹಾಯಾಗಿರುತ್ತೀರಿ. ಆಮೇಲೊಂದು ರಾತ್ರಿ ಎದೆ ಮತ್ತೆ ಧಡ್ ಅನ್ನುತ್ತದೆ, ‘ಅವರು ಸರಿಯಾಗಿ ನೋಡಿದರೋ ಇಲ್ಲವೋ’ ಅನ್ನುವ ಅನುಮಾನ ಎದ್ದೇ ಏಳುತ್ತದೆ. ಅದೂ ಅಲ್ಲದೆ ಆ ಸ್ಕ್ಯಾನಿನಲ್ಲಿ ವಿಕಿರಣ ಇದೆ, ರಕ್ತನಾಳಕ್ಕೆ ‘ಡೈ’ ಅನ್ನುವ ದ್ರವ ಬಿಡುತ್ತಾರೆ. ನೆಮ್ಮದಿಗೆ ಅಂತ ಮಾಡಿಸುವಂಥದ್ದಲ್ಲ ಅದು.

ಹಾಗಂತ ‘ಸುಮ್ನೆ ಭ್ರಮೆ ನಿಮಗೆ’ ಅಂತ ಯಾರಾದರೂ ಅಂದರೆ ಆ ಮಾತೂ ಸರಿಯಲ್ಲ. ಎದೆ ಹೊಡೆದುಕೊಳ್ಳುವುದು ನಿಜ. ಬಡಿತ ತಪ್ಪಿದಂತೆ ಆಗುವುದೂ ನಿಜ. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ನಡುವೆ ಕೆಲವು ಬಡಿತ ಹೊತ್ತಿಗೆ ಮುಂಚೆ ಬಂದುಬಿಡುತ್ತವೆ. ಅದರ ಹಿಂದೆಯೇ ಒಂದು ಸಣ್ಣ ಬಿಡುವು. ಆ ಬಿಡುವಿನಲ್ಲಿ ಹೃದಯದೊಳಗೆ ರಕ್ತ ಸ್ವಲ್ಪ ಜಾಸ್ತಿ ತುಂಬುತ್ತದೆ, ಹಾಗಾಗಿ ಮುಂದಿನ ಬಡಿತ ಜೋರು. ನಿಮ್ಮ ‘ಧಡ್’ ಬಹುಮಟ್ಟಿಗೆ ಇದೇ ಇರಬೇಕು. ಹೃದಯ ಚೆನ್ನಾಗಿರುವವರಲ್ಲೂ ಇದು ತುಂಬಾ ಸಾಮಾನ್ಯ. ಮಲಗಿದಾಗ, ಅದರಲ್ಲೂ ಎಡಮಗ್ಗುಲಾದಾಗ, ಹೆಚ್ಚು ಗೊತ್ತಾಗುತ್ತದೆ. ಹಗಲು ಮಂಡಿಯ ಗದ್ದಲದಲ್ಲಿ ಅದರ ಕಡೆ ಯಾರ ಗಮನ ಹೋಗುತ್ತದೆ ಹೇಳಿ?

ಧಡ್ ಅಂದಿದ್ದೇ ತಡ, ನೀವು ಬೆಚ್ಚುತ್ತೀರಿ. ಬೆಚ್ಚಿದರೆ ಮೈಯಲ್ಲಿ ಅಡ್ರಿನಲಿನ್ ಬಿಡುಗಡೆಯಾಗುತ್ತದೆ, ಬಡಿತ ಏರುತ್ತದೆ, ಬೆವರುತ್ತದೆ. ಗೊತ್ತಿಲ್ಲದೆಯೇ ಉಸಿರಾಟ ಜೋರಾಗುತ್ತದೆ. ಹಾಗೆ ಉಸಿರಾಡಿದಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ಕೈ ಜುಮ್ಮೆನ್ನುತ್ತದೆ, ತಲೆ ಹಗುರಾಗುತ್ತದೆ, ಎದೆ ಬಿಗಿಯುತ್ತದೆ. ಕೈ ಜುಮ್ಮೆಂದ ಕೂಡಲೇ ‘ಬಂತು ಅಟ್ಯಾಕ್’ ಅನ್ನಿಸುತ್ತದೆ, ಇನ್ನಷ್ಟು ದಿಗಿಲು. ದಿಗಿಲಿನ ಈ ಅಲೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ, ಆಮೇಲೆ ತಾನಾಗಿ ಇಳಿಯುತ್ತದೆ. ನೀವು ಆಸ್ಪತ್ರೆ ತಲುಪುವಷ್ಟರಲ್ಲಿ ಅರ್ಧ ಇಳಿದಿರುತ್ತದೆ. ಇಸಿಜಿ ನಾರ್ಮಲ್ ಬರುತ್ತದೆ, ನಿಮಗೆ ನಂಬಿಕೆ ಬರುವುದಿಲ್ಲ.

ಈಗ ಆ ವಾಚು. ಬಿಚ್ಚಿಡಿ. ಸುಮ್ಮನೆ ಕೂತಾಗ ನಿಮಿಷಕ್ಕೆ 60ರಿಂದ 100 ಬಡಿತ ದೊಡ್ಡವರಿಗೆ ಸಹಜ. ಊಟ ಮಾಡಿದರೆ, ಸಿಟ್ಟು ಬಂದರೆ, ಮಂಡಿಯಲ್ಲಿ ಲೆಕ್ಕ ತಾಳೆಯಾಗದಿದ್ದರೆ ಏರುತ್ತದೆ. ವಾಚು ನೋಡಲು ಹೆದರಿದರೂ ಏರುತ್ತದೆ. ಕೈಗೆ ಕಟ್ಟಿದ ವಾಚಿನಿಂದ ಹಾರ್ಟ್ ಅಟ್ಯಾಕ್ ಪತ್ತೆ ಹಚ್ಚಲು ಆಗುವುದಿಲ್ಲ. ಕತ್ತಿನ ನಾಡಿ ಹಿಡಿದು ನೋಡುವುದು, ಮೊಬೈಲಿನಲ್ಲಿ ಲಕ್ಷಣ ಹುಡುಕುವುದು, ಹೆಂಡತಿಯನ್ನು ಎಬ್ಬಿಸಿ ‘ಏನೂ ಆಗಲ್ಲ ಅಲ್ವಾ’ ಅಂತ ಕೇಳುವುದು ಎಲ್ಲ ಒಂದೇ ಜಾತಿಯವು. ಗಾಯದ ಹಕ್ಕಳೆಯನ್ನು ಗಳಿಗೆಗೊಮ್ಮೆ ಕಿತ್ತು ‘ಮಾಯಿತಾ’ ಅಂತ ನೋಡಿದರೆ ಅದು ಹೇಗೆ ಮಾಯುತ್ತದೆ? ಒಂದೇ ಸಲ ಬಿಡಲು ಆಗದಿದ್ದರೆ ಮುಂದಕ್ಕೆ ಹಾಕಿ. ನಾಡಿ ನೋಡಬೇಕು ಅನ್ನಿಸಿದಾಗ ಕಾಲು ಗಂಟೆ ತಡೆಯಿರಿ. ಅಷ್ಟು ಹೊತ್ತಿಗೆ ನೋಡಲೇಬೇಕೆಂಬ ಒತ್ತಾಯ ಬಹಳಷ್ಟು ಸಲ ಕಡಿಮೆಯಾಗಿರುತ್ತದೆ. ಎದೆ ಹೊಡೆದುಕೊಳ್ಳುವಾಗ ಉಸಿರು ಒಳಗೆ ಎಳೆಯುವುದಕ್ಕಿಂತ ಹೊರಗೆ ಬಿಡುವುದನ್ನು ನಿಧಾನ ಮಾಡಿ. ‘ದೀರ್ಘ ಉಸಿರು ಎಳೆಯಿರಿ’ ಅಂತ ಎಲ್ಲರೂ ಹೇಳುತ್ತಾರೆ, ಗಾಬರಿಯಲ್ಲಿ ಹಾಗೆ ಎಳೆದೆಳೆದು ಕೈ ಇನ್ನೂ ಜುಮ್ಮೆನ್ನಿಸಿಕೊಂಡವರು ನನ್ನ ಮುಂದೆ ಬಹಳ ಜನ ಕೂತಿದ್ದಾರೆ.

ಬೆಟ್ಟದ ವಿಷಯ. ನಿಮ್ಮ ವಯಸ್ಸಿನವರಿಗೆ ಟಿಎಂಟಿಯಲ್ಲಿ ಬಡಿತವನ್ನು ಸುಮಾರು 157ರವರೆಗೆ ಏರಿಸಿ ನೋಡುತ್ತಾರೆ. ಡಾಕ್ಟರು ಎದುರಿಗೇ ಇದ್ದು ಪರೀಕ್ಷೆ ಮಾಡಿದ್ದಾರೆ, ನಾರ್ಮಲ್ ಅಂದಿದ್ದಾರೆ. ಹಾಗಿದ್ದ ಮೇಲೆ ನಡಿಗೆ ನಿಲ್ಲಿಸಿದ್ದಕ್ಕೆ ಕಾರಣ ಹೃದಯ ಅಲ್ಲ, ಹೆದರಿಕೆ. ನಡಿಗೆ ಬಿಟ್ಟಷ್ಟೂ ಮೈ ಸೋಲುತ್ತದೆ, ನಾಲ್ಕು ಮೆಟ್ಟಿಲಿಗೇ ಎದೆ ಹೊಡೆದುಕೊಳ್ಳುತ್ತದೆ, ಅದನ್ನೇ ನೀವು ಕಾಯಿಲೆ ಅಂದುಕೊಳ್ಳುತ್ತೀರಿ. ಇವತ್ತೇ ಹತ್ತು ನಿಮಿಷ ನಡೆಯಿರಿ. ಮಗಳನ್ನು ಎತ್ತಿಕೊಳ್ಳಿ. ವಾರವಾರ ನಡಿಗೆ ಹೆಚ್ಚಿಸಿ. ಶ್ರವಣಬೆಳಗೊಳದ ವಿಂಧ್ಯಗಿರಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲಿವೆ, ಯಾರಿಗಾದರೂ ಏದುಸಿರು ಬರುತ್ತದೆ. ಬೆಳಿಗ್ಗೆ ಬೇಗ ಹೋಗಿ. ಬರಿಗಾಲಲ್ಲಿ ಹತ್ತಬೇಕು, ಬಿಸಿಲೇರಿದರೆ ಬಂಡೆ ಸುಡುತ್ತದೆ.

ಬ್ರಾಕೆಟ್ಟಿನಲ್ಲಿ ಸಿಗರೇಟನ್ನು ನುಸುಳಿಸಿದ್ದೀರಿ. ಇಡೀ ಪತ್ರದಲ್ಲಿ ನಿಜಕ್ಕೂ ಹೆದರಬೇಕಾದ ಸಂಗತಿ ಇದೊಂದೇ, ಅದನ್ನೇ ಬ್ರಾಕೆಟ್ಟಿಗೆ ಹಾಕಿದ್ದೀರಿ! ಬಿಟ್ಟುಬಿಡಿ. ಕಾಫಿ ಎರಡು ಲೋಟಕ್ಕೆ ಇಳಿಸಿ, ಎರಡನೆಯದೂ ಮಧ್ಯಾಹ್ನದೊಳಗೆ ಮುಗಿಯಲಿ. ಒಂದೇ ದಿನಕ್ಕೆ ನಿಲ್ಲಿಸಿದರೆ ತಲೆನೋವು ಬರುತ್ತದೆ, ನಿಧಾನಕ್ಕೆ ಇಳಿಸಿ.

ಹಾಸನದ ಸುದ್ದಿ ಕೇಳಿ ಹೆದರಿದವರು ನೀವೊಬ್ಬರೇ ಅಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗಲೂ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದ್ದರು. 2025ರಲ್ಲಿ ಮೈಸೂರಿನ ಜಯದೇವದಲ್ಲೂ ಅದೇ ಆಯಿತು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಆ ಜುಲೈನಲ್ಲಿ ವರದಿ ಕೊಟ್ಟಿತು. ಜಿಲ್ಲೆಯಲ್ಲಿ ಹೃದಯಾಘಾತದ ಸಾವು ಅಸಹಜವಾಗಿ ಏರಿಲ್ಲ ಅಂದಿತು. ತೀರಿಕೊಂಡವರಲ್ಲಿ ಹಲವರಿಗೆ ಸಕ್ಕರೆ, ಬಿಪಿ, ಸಿಗರೇಟು, ಕುಡಿತದಂಥ ಹಳೆಯ ಕಾರಣಗಳೇ ಇದ್ದವು. ಟಿವಿಯಲ್ಲಿ ದಿನಾ ‘ಮತ್ತೊಂದು ಬಲಿ’ ಅಂತ ಓಡಿಸಿದಷ್ಟು ಜೋರಾಗಿ ಈ ವರದಿಯನ್ನು ಯಾರೂ ಓಡಿಸಲಿಲ್ಲ.

ಹಾಗಂತ ಎದೆಬಡಿತ ಎಲ್ಲವೂ ಭಯದ್ದೇ ಅಂತ ಬೇರೆ ಓದುಗರು ಅಂದುಕೊಳ್ಳಬಾರದು. ಬಡಿತದ ಜೊತೆ ಪ್ರಜ್ಞೆ ತಪ್ಪಿದರೆ, ಕೆಲಸ ಮಾಡುವಾಗ ಎದೆ ಒತ್ತಿದಂತೆ ನೋವು ಬಂದರೆ, ನೋವು ತೋಳಿಗೋ ದವಡೆಗೋ ಹರಡಿ ತಣ್ಣನೆ ಬೆವರು ಬಂದರೆ, ಉಸಿರು ಕಟ್ಟಿದರೆ ಯೋಚನೆ ಮಾಡುತ್ತಾ ಕೂರದೆ 108ಕ್ಕೆ ಫೋನ್ ಮಾಡಿ. ಅದು ನಿಮಗೂ ಅನ್ವಯಿಸುತ್ತದೆ. ಸ್ವಿಚ್ ಹಾಕಿದಂತೆ ಒಮ್ಮೆಲೇ 150 ದಾಟಿ, ಒಮ್ಮೆಲೇ ನಿಲ್ಲುವ ಬಡಿತಕ್ಕೂ ಡಾಕ್ಟರ ಬಳಿ ಹೋಗಬೇಕು. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಇದ್ದಕ್ಕಿದ್ದಂತೆ ಸತ್ತಿದ್ದರೆ ಅದನ್ನು ಹೇಳಲೇಬೇಕು. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ನೋಡಿದ್ದಾರೆಯೇ ಅಂತ ನೀವು ಬರೆದಿಲ್ಲ. ಈ ಎರಡರ ಏರುಪೇರಿನಿಂದಲೂ ಎದೆ ಹೊಡೆದುಕೊಳ್ಳುತ್ತದೆ. ನೋಡಿಲ್ಲದಿದ್ದರೆ ಈ ರಕ್ತಪರೀಕ್ಷೆ ಮಾಡಿಸಿ. ಇದಕ್ಕೆ ನಿಮ್ಮ ಹೆಂಡತಿಯ ತಕರಾರು ಇರಲಾರದು. ಇನ್ನು ಮುಂದೆ ಒಬ್ಬರೇ ಡಾಕ್ಟರು. ಊರೂರು ಸುತ್ತಬೇಡಿ.

ಮನೆಯವರ ಬಗ್ಗೆ ಒಂದು ಮಾತು. ಅವರು ಸಿಟ್ಟಾಗಿರುವುದು ದುಡ್ಡಿಗೆ ಮಾತ್ರ ಅಂತ ನನಗನ್ನಿಸುವುದಿಲ್ಲ. ಗಂಡ ದಿನಾ ಸಾವಿನ ಮಾತಾಡಿದರೆ ಯಾರಿಗಾದರೂ ಒಳಗೆ ಹೆದರಿಕೆ, ಹೊರಗೆ ಸಿಟ್ಟು. ಹೆದರಿಕೆಗೇ ಚಿಕಿತ್ಸೆ ತಗೊಳ್ಳುತ್ತೇನೆ ಅಂತ ಅವರಿಗೆ ಹೇಳಿ. ‘ಏನೂ ಆಗಲ್ಲ’ ಅಂತ ಪದೇ ಪದೇ ಹೇಳುವ ಕೆಲಸದಿಂದ ಅವರನ್ನು ಬಿಡಿಸಿ. ನೀವು ಕೇಳಿದಾಗ ‘ನಡೀರಿ, ಒಂದು ಸುತ್ತು ಹಾಕಿ ಬರೋಣ’ ಅನ್ನಲಿ, ಸಾಕು.

ಚಿಕಿತ್ಸೆ ಅಂದರೆ ಮನೋವೈದ್ಯರು ಅಥವಾ ಮನಶ್ಶಾಸ್ತ್ರಜ್ಞರು. ಯೋಚನೆ ಮತ್ತು ವರ್ತನೆಯನ್ನು ತಿದ್ದುವ ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ ಇಂಥ ಭಯಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಬೇಕಾದರೆ ಮಾತ್ರೆ ಕೊಡುತ್ತಾರೆ, ಕೆಲವಕ್ಕೆ ಗುಣ ಕಾಣಲು ಕೆಲವು ವಾರ ಹಿಡಿಯುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ನಿದ್ದೆ ಮಾತ್ರೆಯನ್ನಾಗಲಿ ಬಡಿತ ಇಳಿಸುವ ಮಾತ್ರೆಯನ್ನಾಗಲಿ ನುಂಗಬೇಡಿ. ಮೊದಲನೆಯದು ಚಟವಾಗುತ್ತದೆ, ಎರಡನೆಯದು ಅಸ್ತಮಾ ಇದ್ದವರಿಗೆ ಅಪಾಯ. ತಾಲೂಕು ಆಸ್ಪತ್ರೆಯಲ್ಲಿ ಸರ್ಕಾರದ ಮಾನಸಿಕ ಆರೋಗ್ಯದ ಮನೋಚೈತನ್ಯ ಕಾರ್ಯಕ್ರಮಕ್ಕೆ ಮನೋವೈದ್ಯರು ಯಾವ ದಿನ ಬರುತ್ತಾರೆ ಅಂತ ವಿಚಾರಿಸಿ, ಹಲವು ಕಡೆ ಮಂಗಳವಾರ ಬರುತ್ತಾರೆ. ರಾತ್ರಿ ಹೊತ್ತು ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೊದಲ ಭೇಟಿಗೆ ಮನೆಯವರನ್ನೂ ಕರೆದುಕೊಂಡು ಹೋಗಿ. ರಿಪೋರ್ಟಿನ ಫೈಲ್ ಎಷ್ಟೇ ದಪ್ಪ ಇರಲಿ, ಜೊತೆಗಿರಲಿ. ನಾಲ್ಕನೇ ಇಸಿಜಿ ತಪ್ಪುತ್ತದೆ.