ಪ್ರಶ್ನೆ: ಅಮ್ಮನ ಮಾತ್ರೆಗಳನ್ನು ದುಬೈಗೆ ತರಬಹುದಾ?

ಉತ್ತರ: ಊರಿಂದ ದುಬೈಗೆ ನಿಮ್ಮ ಹತ್ತಿರ ಬರುವ ಅಮ್ಮ ಬಿ.ಪಿ., ಶುಗರ್, ಪಾದದ ಉರಿಯ ಮಾತ್ರೆ, ಜೊತೆಗೊಂದು ‘ವಿಟಮಿನ್ ಮಾತ್ರೆ’ ತರಬಹುದಾ ಅಂತ ಕೇಳಿದ್ದೀರಿ. ಬಿ.ಪಿ., ಶುಗರ್ ಮಾತ್ರೆಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ತೊಡಕು ಇರುವುದು ಪಾದದ ಉರಿಗೆ ಅಂತ ನೀವು ಬರೆದ ಪ್ರಿಗಾಬಲಿನ್‌ನದು. ನಮ್ಮಲ್ಲಿ ಚೀಟಿ ತೋರಿಸಿದರೆ ಸಲೀಸಾಗಿ ಸಿಗುತ್ತದೆ, ಯುಎಇಯಲ್ಲಿ ಅದು ನಿಯಂತ್ರಿತ ಔಷಧಿ, ಅಂದರೆ ಪರ್ಮಿಟ್ ಇಲ್ಲದೆ ತರುವಂತಿಲ್ಲ. ಟ್ರಾಮಡಾಲ್ ಅನ್ನುವ ನೋವಿನ ಮಾತ್ರೆಯೂ, ಕೋಡೀನ್ ಇರುವ ಕೆಮ್ಮಿನ ಸಿರಪ್ಪೂ ಹಾಗೇ.

ಮೊದಲು ಪ್ರತಿ ಸ್ಟ್ರಿಪ್ಪಿನ ಹಿಂದಿನ ಸಣ್ಣ ಅಕ್ಷರ ಓದಿ. ನೀವು ಹೇಳಿದ ‘ವಿಟಮಿನ್ ಮಾತ್ರೆ’ ಏನಂತ ಬ್ರ್ಯಾಂಡ್ ಹೆಸರಿನಿಂದ ನನಗೆ ಗೊತ್ತಾಗಲಿಲ್ಲ. ಮೀಥೈಲ್‌ಕೋಬಾಲಮಿನ್ (ಬಿ12 ವಿಟಮಿನ್ನಿನ ಒಂದು ರೂಪ) ಜೊತೆ ಪ್ರಿಗಾಬಲಿನ್ ಸೇರಿಸಿದ ಮಾತ್ರೆಗಳು ಜಾಸ್ತಿ, ಅದೂ ಒಂದಿರಬಹುದು.

ಆಮೇಲೆ ಡಾಕ್ಟರ ಹತ್ತಿರ ಇಂಗ್ಲಿಷಿನಲ್ಲಿ ಪತ್ರ ಬರೆಸಿ: ಕಾಯಿಲೆ, ಔಷಧಿಯ ಮೂಲ ಹೆಸರು, ದಿನಕ್ಕೆಷ್ಟು, ಎಷ್ಟು ದಿನಕ್ಕೆ, ಸಹಿ, ಸೀಲು. ಅಮ್ಮನ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಲಿ. ಇನಿಷಿಯಲ್ ಹಿಂದುಮುಂದಾದರೆ ಸುಮ್ನೆ ತಲೆನೋವು.

ಆ ಪತ್ರ, ಚೀಟಿ, ಪಾಸ್‌ಪೋರ್ಟ್ ಪ್ರತಿ ಹಾಕಿ ಯುಎಇ ಸರ್ಕಾರದ ವೆಬ್‌ಸೈಟಿನಲ್ಲಿ ಸ್ವಂತ ಬಳಕೆಯ ಔಷಧಿಗೆ ಪರ್ಮಿಟ್ ಕೇಳಿ. ನೀವು ಅಲ್ಲೇ ಇದ್ದೀರಲ್ಲ, ನೀವೇ ಹಾಕಿ. ಪರ್ಮಿಟ್ ಬರುವ ತನಕ ಅಮ್ಮ ಆ ಮಾತ್ರೆ ಹಿಡಿದು ವಿಮಾನ ಹತ್ತುವುದು ಬೇಡ. ಬರದಿದ್ದರೆ ಬದಲಿ ಮಾತ್ರೆ ಇದೆಯಾ ಅಂತ ಡಾಕ್ಟರನ್ನೇ ಕೇಳಿ, ತಾವಾಗಿ ನಿಲ್ಲಿಸಬಾರದು.

ಮಾತ್ರೆಗಳು ಸ್ಟ್ರಿಪ್ಪಿನಲ್ಲೇ, ಬಿಲ್ ಸಮೇತ, ಕೈಚೀಲದಲ್ಲಿರಲಿ. ಕತ್ತರಿಸಿ ಡಬ್ಬಿಗೆ ತುಂಬಬೇಡಿ.